ಎಡಗಾಲಿಗೆ ಕೆಲಸ ಹೋದ ಮೇಲೆ

ಮೊದಲ ದಿನ ಕಾರು ಸ್ಟಾರ್ಟೇ ಆಗಲಿಲ್ಲ. ಮಾಳಮಡ್ಡಿಯ ನಮ್ಮ ಮನೆ ಮುಂದೆ ನಿಂತಿತ್ತು, ಹಿಂದಿನ ದಿನ ಹಾಕಿದ ಹೂವಿನ ಹಾರ ಇನ್ನೂ ಬಾಡಿರಲಿಲ್ಲ. ಕೀ ತಿರುವಿದರೆ ಸದ್ದೇ ಇಲ್ಲ. ಬಾಗಿಲಲ್ಲಿ ನಿಂತಿದ್ದ ನಮ್ಮ ಮನೆಯಾಕೆ, ‘ಬ್ಯಾಟ್ರಿ ಹೋತೇನ್ರೀ? ನಿನ್ನೆರ ತಂದೀರಿ’ ಅಂದಳು. ಬ್ಯಾಟರಿಗೆ ಏನೂ ಆಗಿರಲಿಲ್ಲ. ಗೇರ್ ಲಿವರ್ ಎನ್‌ನಲ್ಲಿ, ಅಂದರೆ ನ್ಯೂಟ್ರಲ್‌ನಲ್ಲಿಟ್ಟು ಬ್ರೇಕ್ ಒತ್ತಿ ಹಿಡಿದರೆ ಮಾತ್ರ ಸ್ಟಾರ್ಟ್ ಆಗುವ ಗಾಡಿ ಅದು. ನಾನು ಎಡಗಾಲಿನಿಂದ ಇಲ್ಲದ ಕ್ಲಚ್ ಹುಡುಕುತ್ತ, ಬಲಗಾಲನ್ನು ಸುಮ್ಮನೆ ಮ್ಯಾಟ್ ಮೇಲೆ ಇಟ್ಟುಕೊಂಡು ಕೂತಿದ್ದೆ.

1997ರಲ್ಲಿ ಮಾರುತಿ 800ರಲ್ಲಿ ಸ್ಟೇರಿಂಗ್ ಹಿಡಿದವನು ನಾನು. ಆಮೇಲೆ ಓಮ್ನಿ, ಆಮೇಲೆ ವ್ಯಾಗನ್ಆರ್. ಇಪ್ಪತ್ತಾರು ವರ್ಷ ಕ್ಲಚ್ ಒತ್ತಿದ್ದೇನೆ. ಮನೆ ಧಾರವಾಡದಲ್ಲಿ, ಕಚೇರಿ ಹುಬ್ಬಳ್ಳಿಯಲ್ಲಿ. ಉಣಕಲ್ ದಾಟಿದ ಮೇಲೆ ಚನ್ನಮ್ಮ ಸರ್ಕಲ್ ತನಕ ಫಸ್ಟು, ಸೆಕೆಂಡು, ಮತ್ತೆ ಫಸ್ಟು. ಎಡ ಮೊಣಕಾಲು ಸಂಜೆ ಹೊತ್ತಿಗೆ ಬಾತುಕೊಳ್ಳಲು ಶುರುವಾದಾಗ ಡಾಕ್ಟರು, ‘ಮೆಟ್ಲು ಕಡಿಮಿ ಮಾಡ್ರಿ, ಕ್ಲಚ್ ಬಿಟ್ಟ ಬಿಡ್ರಿ’ ಅಂದರು. 2023ರಲ್ಲಿ ಎಎಂಟಿ ಗಾಡಿ ಬಂತು, ಅಂದರೆ ಕ್ಲಚ್ ಪೆಡಲ್ ಇಲ್ಲದ, ಗೇರ್ ತಾನೇ ಬದಲಿಸಿಕೊಳ್ಳುವ ಗಾಡಿ. ಸಿವಿಟಿ, ಟಾರ್ಕ್ ಕನ್ವರ್ಟರ್ ಎಂಬ ಬೇರೆ ಬಗೆಯ ಆಟೊಮ್ಯಾಟಿಕ್‌ಗಳು ಇನ್ನೂ ನಯ, ಆದರೆ ದುಬಾರಿ. ಎಎಂಟಿಗೆ ಆಗ ಮ್ಯಾನುವಲ್‌ಗಿಂತ ಸುಮಾರು 50 ಸಾವಿರ ಹೆಚ್ಚು ಕೊಟ್ಟರೆ ಆಗುತ್ತಿತ್ತು. ಮೈಲೇಜೂ ಹೆಚ್ಚುಕಡಿಮೆ ಅಷ್ಟೇ. ನನ್ನ ಲೆಕ್ಕ ಅಲ್ಲಿಗೇ ಮುಗಿಯಿತು.

ಮೂರನೆಯ ದಿನ ಉಣಕಲ್ ಹತ್ತಿರ ಆದದ್ದನ್ನು ವಿವರವಾಗಿಯೇ ಹೇಳಬೇಕು. ಪಕ್ಕದಲ್ಲಿ ತನಗೇ ಮೀಸಲಾದ ದಾರಿಯಲ್ಲಿ ಚಿಗರಿ ಬಸ್ಸು ತನ್ನ ಪಾಡಿಗೆ ಓಡುತ್ತಿತ್ತು, ನಮ್ಮ ಕಡೆ ಸಿಗ್ನಲ್ ಕೆಂಪಾಗುತ್ತಿತ್ತು. ಬಲಗಾಲು ಆಕ್ಸಿಲರೇಟರ್ ಬಿಟ್ಟಿತು. ಅದರ ಬೆನ್ನಿಗೇ, ನನ್ನನ್ನು ಒಂದು ಮಾತೂ ಕೇಳದೆ, ಎಡಗಾಲು ಎದ್ದು ಹೋಗಿ ಒತ್ತಿಬಿಟ್ಟಿತು. ಕ್ಲಚ್ ಒತ್ತುವುದು ಹೇಗೆ? ತಳ ಮುಟ್ಟುವ ಹಾಗೆ, ಒಂದೇ ಏಟಿಗೆ. ಆದರೆ ಇಂಥ ಗಾಡಿಯಲ್ಲಿ ಬ್ರೇಕ್ ಪೆಡಲ್ ಅಗಲ, ಎಡಗಾಲಿಗೆ ಅದರ ಅಂಚೇ ಸಿಗುತ್ತದೆ. ಗಾಡಿ ಗೂಟಕ್ಕೆ ಕಟ್ಟಿದ ಎತ್ತಿನಂತೆ ಗಕ್ಕನೆ ನಿಂತಿತು. ಹಿಂದಿನ ಸೀಟಿನ ಡಬ್ಬಿ ಮುಂದೆ ಹಾರಿ, ರೊಟ್ಟಿ ಒಂದು ಕಡೆ, ಬದನೆಕಾಯಿ ಎಣ್ಣೆಗಾಯಿ ಇನ್ನೊಂದು ಕಡೆ. ಆ ಎಣ್ಣೆಯ ಕಲೆ ಇವತ್ತಿಗೂ ಸೀಟಿನ ಬುಡದಲ್ಲಿದೆ. ಹಿಂದೆ ಬರುತ್ತಿದ್ದ ಸ್ಕೂಟರಿನ ಚಕ್ರ ನನ್ನ ಬಂಪರಿಗೆ ಗೇಣು ದೂರದಲ್ಲಿ ನಿಂತಿತ್ತು. ‘ಏನ್ರೀ ಸಾಹೇಬ್ರ, ನಿದ್ದಿ ಹತ್ತಿತ್ತೇನು?’ ಅಂದ ಆತ. ಅಷ್ಟಕ್ಕೇ ಬಿಟ್ಟದ್ದು ಅವನ ದೊಡ್ಡತನ.

ಕಾರು ಕೊಟ್ಟವರು ‘ಎಡಗಾಲು ಪಕ್ಕಕ್ಕಿಟ್ಟುಬಿಡಿ ಸರ್’ ಎಂದು ಹೇಳಿದ್ದರು. ಕಾಲು ಹಾಗೆ ಮಾತು ಕೇಳುವುದಿಲ್ಲ. ಶೂ ಹಾಕಿದ ಕಾಲಿಗಂತೂ ತಾನು ಎಲ್ಲಿದ್ದೇನೆ ಎನ್ನುವ ಖಬರೇ ಇರುವುದಿಲ್ಲ. ನಾನು ಮಾಡಿಕೊಂಡ ಉಪಾಯ ಇಷ್ಟು: ಎಡಗಾಲಿನ ಶೂ ಬಿಚ್ಚಿ ಬರಿಗಾಲು ಮಾಡಿಕೊಂಡೆ. ಮ್ಯಾಟಿನ ಒರಟು ಅಂಗಾಲಿಗೆ ತಾಗುತ್ತಿದ್ದರೆ ಕಾಲು ಎದ್ದ ಕೂಡಲೇ ಗೊತ್ತಾಗುತ್ತದೆ. ಬಿಚ್ಚಿದ ಶೂ ಮಾತ್ರ ಪಕ್ಕದ ಸೀಟಿನ ಕೆಳಗೆ ಹೋಗಬೇಕು. ನಮ್ಮ ಕಾಲ ಬುಡದಲ್ಲಿ ಇಟ್ಟುಕೊಂಡರೆ ಉರುಳಿ ಹೋಗಿ ಬ್ರೇಕ್ ಅಡಿ ಸಿಕ್ಕಿಕೊಂಡೀತು. ಎರಡು ರವಿವಾರ ಬೆಳಿಗ್ಗೆ ಬೇಗ ಎದ್ದು ಖಾಲಿ ರಸ್ತೆಯಲ್ಲಿ ಬರೀ ಹೋಗುವುದು, ನಿಲ್ಲುವುದು, ಹೋಗುವುದು, ನಿಲ್ಲುವುದು ಮಾಡಿದೆ. ಮೂರು ವಾರಕ್ಕೆ ಎಡಗಾಲು ಸುಮ್ಮನಾಯಿತು. ಕಚೇರಿಯ ವಾಚ್‌ಮನ್ ಮಾತ್ರ ಒಂದೇ ಶೂ ಹಾಕಿಕೊಂಡು ಇಳಿಯುವ ನನ್ನನ್ನು ಆ ಮೂರೂ ವಾರ ಕನಿಕರದಿಂದ ನೋಡಿದ.

ಇಷ್ಟಾದ ಮೇಲೆ ಕಲಿತೆ ಅಂದುಕೊಂಡೆ. ಒಂದು ಬೆಳಿಗ್ಗೆ ನೃಪತುಂಗ ಬೆಟ್ಟ ಹತ್ತುವಾಗ ಮುಂದೆ ಗಾಡಿಗಳ ಸಾಲು ನಿಂತಿತು. ಸಪಾಟು ರಸ್ತೆಯಲ್ಲಿ ಬ್ರೇಕ್ ಬಿಟ್ಟರೆ ಸಾಕು, ಇದು ತಾನಾಗಿ ಮೆಲ್ಲಗೆ ತೆವಳುತ್ತದೆ. ಏರಿನಲ್ಲಿ ಆ ಬಲ ಸಾಲದು. ನಾನೇನು ಮಾಡಿದೆ? ಬ್ರೇಕ್ ಒತ್ತುವ ಬದಲು ಆಕ್ಸಿಲರೇಟರ್ ಮೇಲೇ ಕಾಲಿಟ್ಟು, ಹಿಂದಕ್ಕೂ ಜಾರದಂತೆ ಮುಂದಕ್ಕೂ ಹೋಗದಂತೆ ಗಾಡಿಯನ್ನು ತೂಗಿಸಿ ಹಿಡಿದೆ. ನಾಲ್ಕೈದು ನಿಮಿಷಕ್ಕೆ ವಾಸನೆ ಬಂತು. ಮ್ಯಾನುವಲ್ ಓಡಿಸಿದವರಿಗೆಲ್ಲ ಆ ವಾಸನೆ ಗೊತ್ತು: ಕ್ಲಚ್ ಪ್ಲೇಟ್ ಸುಡುವ ವಾಸನೆ.

ಕ್ಲಚ್ಚೇ ಇಲ್ಲದ ಗಾಡಿಯಲ್ಲಿ ಇದೆಲ್ಲಿಯದು? ಮರುದಿನ ಹಳೆಯ ಮಿಸ್ತ್ರಿಯ ಬಳಿ ಹೋದೆ. ನಕ್ಕುಬಿಟ್ಟ. ‘ಸಾಹೇಬ್ರ, ಇದರಾಗ ಕ್ಲಚ್ ಇಲ್ಲಂತ ಯಾರ್ ಹೇಳ್ಯಾರ? ಐತಿ. ಒತ್ತಾವ್ರು ನೀವಲ್ಲ, ಅಷ್ಟ.’ ಎಎಂಟಿ ಎಂದರೆ ಅದೇ ಮ್ಯಾನುವಲ್ ಗೇರ್‌ಬಾಕ್ಸ್, ಅದೇ ಕ್ಲಚ್ ಪ್ಲೇಟ್. ಒತ್ತುವುದು ಬಿಡುವುದು, ಗೇರ್ ಬದಲಿಸುವುದು ಇಷ್ಟನ್ನು ಕಂಪ್ಯೂಟರಿನ ಮಾತಿನಂತೆ ಆಕ್ಚುಯೇಟರ್ ಎಂಬ ಪುಟ್ಟ ಯಂತ್ರಗಳು ಮಾಡುತ್ತವೆ. ಏರಿನಲ್ಲಿ ನಾನು ಮಾಡಿದ್ದು ಅರ್ಧ ಕ್ಲಚ್ಚಿನಲ್ಲಿ ಗಾಡಿ ನಿಲ್ಲಿಸಿಕೊಂಡಂತೆ. ಅದಕ್ಕೆ ಮದ್ದು ಹ್ಯಾಂಡ್‌ಬ್ರೇಕು: ಎಳೆದು ನಿಲ್ಲು, ಆಕ್ಸಿಲರೇಟರ್ ಕೊಡು, ಗಾಡಿ ಮುಂದೆ ಜಗ್ಗಿದಾಗ ಬಿಡು. 1997ರಲ್ಲಿ ಡ್ರೈವಿಂಗ್ ಕಲಿಸಿದ ಉಸ್ತಾದರು ಇದೇ ಪಾಠಕ್ಕೆ ನನ್ನ ಬೆನ್ನಿಗೆ ಗುದ್ದಿದ್ದರು.

ಮಿಸ್ತ್ರಿಯ ಆ ಒಂದು ಮಾತು ನೂರು ಗೊಂದಲ ಬಿಡಿಸಿತು. ಗೇರ್ ಬೀಳುವಾಗ ತಲೆ ತೂಗುತ್ತದೆ ಎಂದು ಎಲ್ಲರೂ ಎಎಂಟಿಯನ್ನು ಬೈಯುತ್ತಾರೆ, ನಾನೂ ಬೈದಿದ್ದೆ. ಒಳಗೆ ಯಾರೋ ಕ್ಲಚ್ ಒತ್ತುತ್ತಿದ್ದಾರೆ ಎಂದುಕೊಂಡು, ಇಂಜಿನ್ ಸದ್ದು ಏರಿ ಗೇರ್ ಬದಲಾಗುವ ಹೊತ್ತಿಗೆ ಆಕ್ಸಿಲರೇಟರ್ ಕೂದಲೆಳೆಯಷ್ಟು ಸಡಿಲಿಸಿ ನೋಡಿ. ಮ್ಯಾನುವಲ್‌ನಲ್ಲಿ ಮಾಡುತ್ತಿದ್ದುದೂ ಅದನ್ನೇ ಅಲ್ಲವೇ? ಓಲಾಟ ಮುಕ್ಕಾಲು ಪಾಲು ಹೋಗುತ್ತದೆ.

ಓವರ್‌ಟೇಕ್ ಪಾಠ ಕಲಘಟಗಿ ರಸ್ತೆಯಲ್ಲಿ ಆಯಿತು. ಎರಡು ಟ್ರೇಲರ್ ಎಳೆದುಕೊಂಡು ಹೊರಟ ಕಬ್ಬಿನ ಟ್ರ್ಯಾಕ್ಟರ್ ಮುಂದೆ. ಆಕ್ಸಿಲರೇಟರ್ ಪೂರಾ ಒತ್ತಿದೆ. ಗಾಡಿ ಒಂದು ಕ್ಷಣ ವಿಚಾರ ಮಾಡಿ, ಗೇರ್ ಇಳಿಸಿ, ಆಮೇಲೆ ಓಡಿತು. ಎದುರಿಗೆ ಲಾರಿ ಬರುವಾಗ ಆ ಒಂದು ಕ್ಷಣ ಬಹಳ ಉದ್ದ. ಈಗ ಮೊದಲೇ ಲಿವರನ್ನು ಎಂಗೆ, ಅಂದರೆ ಮ್ಯಾನುವಲ್‌ಗೆ ತಂದು, ಕೈಯಾರೆ ಗೇರ್ ಇಳಿಸಿಕೊಂಡೇ ಬಲಕ್ಕೆ ಹೊರಳುತ್ತೇನೆ. ಅರಬೈಲ್ ಘಟ್ಟ ಇಳಿಯುವಾಗಲೂ ಅಷ್ಟೇ, ಎಂನಲ್ಲಿ ಸೆಕೆಂಡ್ ಇಲ್ಲವೇ ಥರ್ಡ್. ಗೇರನ್ನು ಗಾಡಿಯೇ ಆರಿಸಿಕೊಳ್ಳುವ ಡಿಯಲ್ಲೇ, ಅಂದರೆ ಡ್ರೈವ್‌ನಲ್ಲೇ ಬಿಟ್ಟರೆ ಅದು ಮೇಲಿನ ಗೇರಿಗೆ ಹೋಗಿಬಿಡಬಹುದು. ಆಗ ಇಂಜಿನ್ ಹಿಡಿತ ತಪ್ಪಿ, ಭಾರವೆಲ್ಲ ಬ್ರೇಕ್ ಮೇಲೆ ಬಿದ್ದು ಅದು ಕಾಯುತ್ತದೆ. ನ್ಯೂಟ್ರಲ್ ಹಾಕಿ ಇಳಿಸಿದರೆ ಪೆಟ್ರೋಲ್ ಉಳಿಯುತ್ತದೆ ಎನ್ನುವ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಅದು ಕಾರ್ಬ್ಯುರೇಟರ್ ಕಾಲದ ಮಾತು. ಈಗಿನ ಗಾಡಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಪೆಟ್ರೋಲನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಮಾತ್ರ ಇಂಜಿನ್ ಆರದಂತೆ ಕುಡಿಯುತ್ತಲೇ ಇರುತ್ತದೆ.

ನನ್ನ ಗಾಡಿಯಲ್ಲಿ ಪಿ, ಅಂದರೆ ಪಾರ್ಕಿಂಗ್ ಸ್ಥಾನ ಇಲ್ಲ. ಎನ್‌ನಲ್ಲಿ ಬಿಟ್ಟು, ಹ್ಯಾಂಡ್‌ಬ್ರೇಕ್ ಅರ್ಧ ಎಳೆದು, ಒಳಗೆ ಹೋಗಿ ಚಹಾ ಕುಡಿದು ಬರುವಷ್ಟರಲ್ಲಿ ಅದು ಎದುರು ಮನೆಯ ಗೇಟಿಗೆ ಮುತ್ತಿಟ್ಟಿತ್ತು. ಈಗ ಡಿಯಲ್ಲೇ ಇಂಜಿನ್ ಬಂದ್ ಮಾಡುತ್ತೇನೆ, ಹ್ಯಾಂಡ್‌ಬ್ರೇಕ್ ಪೂರಾ. ಇನ್ನೊಂದು: ಬ್ಯಾಟರಿ ಇಳಿದರೆ ನಾಲ್ಕು ಜನ ಕೂಡಿ ನೂಕಿ ಸ್ಟಾರ್ಟ್ ಮಾಡುವ ಆಟ ಇದರ ಮುಂದೆ ನಡೆಯದು. ಜಂಪರ್ ಕೇಬಲ್ ಡಿಕ್ಕಿಯಲ್ಲಿರಲಿ.

ಇಷ್ಟೆಲ್ಲ ನಾನು ಒದ್ದಾಡುತ್ತಿದ್ದಾಗ ನಮ್ಮ ಮನೆಯಾಕೆ ಪಕ್ಕದ ಸೀಟಿನಲ್ಲಿ ಕೂತು ನೋಡುತ್ತಿದ್ದಳು. ಆಕೆಯ ಲೈಸೆನ್ಸಿಗೆ ಹದಿನೈದು ವರ್ಷ. ಕ್ಲಚ್ ಬಿಡುವಾಗ ಗಾಡಿ ಬಂದ್ ಬೀಳುತ್ತದೆಂದು ಹೆದರಿ ಓಡಿಸಿಯೇ ಇರಲಿಲ್ಲ. ಒಂದು ದಿನ ‘ಕೀ ಕೊಡ್ರಿ’ ಅಂದಳು. ಎರಡು ಶೂ ಅಲ್ಲ, ಎರಡೂ ಚಪ್ಪಲಿ ಹಾಕಿಕೊಂಡೇ ಕೂತಳು. ಚಪ್ಪಲಿಯಲ್ಲಿ ಓಡಿಸಬಾರದು ಅಂದೆ, ಬಿಚ್ಚಿ ಹಿಂದೆ ಒಗೆದಳು. ಆಕೆಯ ಎಡಗಾಲು ಒಂದು ಸಲವೂ ಏಳಲಿಲ್ಲ. ಮರೆಯಬೇಕಾದದ್ದು ಏನೂ ಅದರ ಬಳಿ ಇರಲೇ ಇಲ್ಲ.

ಈಗ ಶನಿವಾರ ನುಗ್ಗಿಕೇರಿ ಹನುಮಪ್ಪನ ಗುಡಿಗೆ ಆಕೆಯದೇ ಡ್ರೈವಿಂಗು. ಹೋದ ವಾರ ಗದ್ದಲದಲ್ಲಿ ತೆಂಗಿನಕಾಯಿ ಅಂಗಡಿ ಪಕ್ಕ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಡಿಯಲ್ಲಿ ಬಂದ್ ಮಾಡಿದವಳು ಇಳಿಯದೆ ನನ್ನ ಕಾಲ ಕಡೆ ನೋಡುತ್ತ ಕೂತಳು. ನನ್ನ ಬಲಗಾಲು ಮ್ಯಾಟನ್ನು ತಳ ಮುಟ್ಟ ಒತ್ತಿ ಹಿಡಿದಿತ್ತು.

‘ಗಾಡಿ ನಿಂತೈತಿ, ಇಳೀರಿ’ ಅಂದಳು.