ಸ್ಟ್ಯಾಕ್‌ನಲ್ಲಿ ಸ್ವಿಚ್ ಬದಲಿಸುವಾಗ ಕಾನ್ಫಿಗ್ ಉಳಿಸಿಕೊಳ್ಳುವುದು: ನನ್ನ ಅನುಭವ

ಸಿಸ್ಕೋ ಕ್ಯಾಟಲಿಸ್ಟ್ 2960-ಎಕ್ಸ್‌ನ ಮೂರು ನೆಟ್‌ವರ್ಕ್ ಸ್ವಿಚ್‌ಗಳ ಸ್ಟ್ಯಾಕ್, ಅಂದರೆ ಕೇಬಲ್‌ನಿಂದ ಬೆಸೆದು ಒಂದೇ ಸ್ವಿಚ್‌ನಂತೆ ನಡೆಯುವ ಗುಂಪು. ನಡುವಿನದು, ಮೆಂಬರ್ 2, ಕೆಟ್ಟಿದೆ. ಅದರ 48 ಪೋರ್ಟ್‌ಗಳ ಕಾನ್ಫಿಗ್ (ಸೆಟ್ಟಿಂಗ್‌ಗಳು) ಅದರ ಜೊತೆಗೇ ಹೋಯಿತೆಂದು ಹೆದರಬೇಕಿಲ್ಲ. ಇಡೀ ಸ್ಟ್ಯಾಕ್‌ಗೆ ಒಂದೇ ಕಾನ್ಫಿಗ್. ಸ್ವಿಚ್ ಕಳಚಿದರೂ 'ಸ್ವಿಚ್ 2 ಪ್ರೊವಿಷನ್' ಎಂಬ ಸಾಲೂ (2ನೇ ಜಾಗಕ್ಕೆ ಯಾವ ಮಾಡೆಲ್ ಎಂದು ಹೇಳುವುದು) 2/0/1ರಿಂದ (ಮೆಂಬರ್ 2ರ ಮೊದಲ ಪೋರ್ಟ್) ಮುಂದಿನ ಪೋರ್ಟ್‌ಗಳ ಸಾಲುಗಳೂ ಹಾಗೇ ಇರುತ್ತವೆ. ಜಾಗ ಖಾಲಿಯಾಯಿತೆಂದು ಆ ಪ್ರೊವಿಷನ್ ಸಾಲನ್ನು 'ನೋ' ಹಾಕಿ ತೆಗೆಯಬಾರದು, ಅಷ್ಟೇ. ಅಪಾಯ ಇರುವುದು ಹೊಸ ಸ್ವಿಚ್‌ನಲ್ಲಿ.

ಮೊದಲು ರನ್ನಿಂಗ್ ಕಾನ್ಫಿಗ್ (ಈಗ ಚಾಲ್ತಿಯಲ್ಲಿರುವುದು) ಸೇವ್ ಮಾಡಿ, ಒಂದು ಪ್ರತಿ ಹೊರಗಿನ ಸರ್ವರ್‌ಗೆ ಕಳಿಸುತ್ತೇನೆ. ಆಮೇಲೆ 'ಶೋ ಇನ್ವೆಂಟರಿ' ನೋಡಿ ಮಾಡೆಲ್ ಬರೆದುಕೊಳ್ಳುತ್ತೇನೆ. 48ಎಫ್‌ಪಿಎಸ್-ಎಲ್ ಇದ್ದರೆ ಅದೇ ಬೇಕು. 48 ಪೋರ್ಟ್ ಇದ್ದರೆ ಸಾಕೆಂದು ಪಿಒಇ (ನೆಟ್‌ವರ್ಕ್ ಕೇಬಲ್‌ನಲ್ಲೇ ವಿದ್ಯುತ್ ಕೊಡುವ ಸೌಲಭ್ಯ) ಇಲ್ಲದ 48ಟಿಎಸ್-ಎಲ್ ತಂದರೆ, ಪ್ರೊವಿಷನ್ ಆಗಿರುವ ಮಾಡೆಲ್‌ಗೆ ಅದು ಹೊಂದುವುದಿಲ್ಲ. ಸ್ಟ್ಯಾಕ್ ಅದಕ್ಕೆ ಡೀಫಾಲ್ಟ್ ಕಾನ್ಫಿಗ್ ಕೊಟ್ಟು ಸೇರಿಸಿಕೊಳ್ಳುತ್ತದೆ. ಪೋರ್ಟ್‌ಗಳ ವಿಎಲ್ಯಾನ್ (ಯಾವ ಪೋರ್ಟ್ ಯಾವ ಉಪಜಾಲಕ್ಕೆ ಸೇರಿದ್ದೆಂಬುದು) ಹೋಗುವುದು ಇಲ್ಲೇ.

ಹೊಸ ಸ್ವಿಚ್ಚನ್ನು ಮೇಜಿನ ಮೇಲೆ ಒಂಟಿಯಾಗಿಯೇ ಸಿದ್ಧ ಮಾಡಬೇಕು. ಸ್ಟ್ಯಾಕ್‌ನಲ್ಲಿರುವ ಐಒಎಸ್ (ಸಿಸ್ಕೋ ಸ್ವಿಚ್‌ನ ಸಾಫ್ಟ್‌ವೇರ್) ಆವೃತ್ತಿಯನ್ನೇ ಹಾಕಿ. 'ರೈಟ್ ಇರೇಸ್' ಕೊಟ್ಟು, ಫ್ಲ್ಯಾಶ್‌ನಲ್ಲಿರುವ ವಿಎಲ್ಯಾನ್ ಡಾಟ್ ಡ್ಯಾಟ್ ಫೈಲನ್ನೂ ಅಳಿಸಿ. ಬೇರೆಡೆ ಬಳಸಿದ ಸ್ವಿಚ್ ಆದರೆ ಇಷ್ಟು ಸಾಲದು: ಮೆಂಬರ್ ನಂಬರ್, ಪ್ರಯಾರಿಟಿ (ಸ್ಟ್ಯಾಕ್ ನಡೆಸುವ ಮಾಸ್ಟರ್ ಸ್ವಿಚ್ ಯಾವುದೆಂದು ತೀರ್ಮಾನಿಸುವ ಅಂಕೆ) ಎರಡೂ ಕಾನ್ಫಿಗ್ ಫೈಲ್‌ನ ಹೊರಗೆ ಉಳಿದಿರುತ್ತವೆ, ಇರೇಸ್‌ಗೆ ಅವು ಅಳಿಯುವುದಿಲ್ಲ. ಹಾಗಾಗಿ 'ಸ್ವಿಚ್ 1 ರಿನಂಬರ್ 2' (1ರ ಜಾಗದಲ್ಲಿ ಅದರ ಈಗಿನ ನಂಬರ್) ಕೊಟ್ಟು ರೀಲೋಡ್, ನಂತರ ಪ್ರಯಾರಿಟಿ 1. 'ಶೋ ಸ್ವಿಚ್' ಹಾಕಿ ಕಣ್ಣಾರೆ ನೋಡಿದ ಮೇಲೇ ಪವರ್ ಆಫ್.

ಹಳೆಯದನ್ನು ಕಳಚುವ ಮುನ್ನ 'ಶೋ ಸ್ವಿಚ್ ಸ್ಟ್ಯಾಕ್-ಪೋರ್ಟ್ಸ್' ನೋಡಲೇಬೇಕು. 1 ಮತ್ತು 3ರ ನಡುವಿನ ಕೇಬಲ್ ಡೌನ್ ಇದ್ದರೆ, 2 ಹೋದೊಡನೆ ಸ್ಟ್ಯಾಕ್ ಎರಡಾಗಿ ಒಡೆದು ಒಂದೇ ಐಪಿ ಎರಡು ಕಡೆ ಎದ್ದು ನಿಲ್ಲುತ್ತದೆ.

ಪ್ಯಾಚ್ ಕೇಬಲ್‌ಗಳಿಗೆಲ್ಲ ಪೋರ್ಟ್ ನಂಬರ್ ಅಂಟಿಸಿ ಬಿಚ್ಚಿ. ಫ್ಲೆಕ್ಸ್‌ಸ್ಟ್ಯಾಕ್-ಪ್ಲಸ್ ಮಾಡ್ಯೂಲ್ (ಸ್ಟ್ಯಾಕ್ ಕೇಬಲ್ ಸಿಕ್ಕಿಸುವ ಭಾಗ) ಸ್ವಿಚ್ ಜೊತೆ ಬರುತ್ತದೆಂದು ನಂಬಬೇಡಿ, ಹಳೆಯದರಿಂದ ತೆಗೆದು ಹಾಕಿ. ಎರಡೂ ಸ್ಟ್ಯಾಕ್ ಕೇಬಲ್ ಭದ್ರವಾಗಿ ಸಿಕ್ಕಿಸಿದ ಮೇಲಷ್ಟೇ ಪವರ್. ಆನ್ ಆಗಿರುವ ಸ್ವಿಚ್‌ಗೆ ಸ್ಟ್ಯಾಕ್ ಕೇಬಲ್ ಹಾಕಿದರೆ ಮಾಸ್ಟರ್ ಚುನಾವಣೆ ನಡೆಯುತ್ತದೆ; ಅದರ ಪ್ರಯಾರಿಟಿ ಹೆಚ್ಚಿದ್ದರೆ ನಿಮ್ಮ ಸ್ಟ್ಯಾಕೇ ಸೋತು, ರೀಲೋಡ್ ಆಗಿ, ಅದರ ಖಾಲಿ ಕಾನ್ಫಿಗ್ ತೆಗೆದುಕೊಳ್ಳುತ್ತದೆ.

ಬದಲಿಸಬೇಕಾದದ್ದು ಮಾಸ್ಟರೇ ಆಗಿದ್ದರೆ 'ಸ್ಟ್ಯಾಕ್-ಮ್ಯಾಕ್ ಪರ್ಸಿಸ್ಟೆಂಟ್ ಟೈಮರ್ 0' ಮೊದಲೇ ಕೊಟ್ಟಿರಿ. ಇಲ್ಲದಿದ್ದರೆ ಸ್ಟ್ಯಾಕ್‌ನ ಮ್ಯಾಕ್ ವಿಳಾಸ ಬದಲಾಗಿ ಎಲ್‌ಎಸಿಪಿ ಲಿಂಕ್‌ಗಳು (ಹಲವು ಕೇಬಲ್ ಸೇರಿಸಿ ಒಂದಾಗಿಸಿದ ಜೋಡಣೆಗಳು) ಬಿದ್ದೇಳುತ್ತವೆ. ತೆಗೆದ ಸ್ವಿಚ್ಚನ್ನು ಮಾತ್ರ ಅದೇ ನೆಟ್‌ವರ್ಕ್‌ನಲ್ಲಿ ಮತ್ತೆ ಹಾಕಬೇಡಿ, ಒಂದೇ ಮ್ಯಾಕ್ ಎರಡಾಗುತ್ತದೆ.

ಹೊಸದು 'ರೆಡಿ' ಎಂದು ತೋರಿದ ಕೂಡಲೇ 'ರೈಟ್ ಮೆಮೊರಿ' ಒತ್ತುವುದಿಲ್ಲ. 2/0/1, 2/0/24, 2/0/48ರ ಕಾನ್ಫಿಗ್ ತೆಗೆದು ಹೊರಗಿಟ್ಟ ಪ್ರತಿಯೊಂದಿಗೆ ಹೋಲಿಸುತ್ತೇನೆ. ಮಾಡೆಲ್ ತಪ್ಪಿ ಸಾಲುಗಳು ಹಾರಿಹೋಗಿದ್ದರೂ ಸೇವ್ ಮಾಡುವ ತನಕ ಸ್ಟಾರ್ಟಪ್ ಕಾನ್ಫಿಗ್‌ನಲ್ಲಿ (ಹಿಂದೆ ಸೇವ್ ಆಗಿರುವ ಪ್ರತಿ) ಅವು ಇದ್ದೇ ಇರುತ್ತವೆ.