ಜಿನೀವಾದ ವಾಚ್ ಮೇಳ ನೋಡಲು ಹೋಗುವವರಿಗೆ

ಒಂದು ವಿಷಯ ಮೊದಲೇ ಗೊತ್ತಿರಲಿ. ಜಿನೀವಾದ ವಾಚಸ್ ಅಂಡ್ ವಂಡರ್ಸ್ ಮೇಳದಲ್ಲಿ ಯಾರೂ ನಿಮಗೆ ವಾಚ್ ಮಾರುವುದಿಲ್ಲ. ಕಂಪನಿಗಳು ಆ ವರ್ಷದ ಹೊಸ ವಾಚುಗಳನ್ನು ತೋರಿಸುತ್ತವೆ, ಅಂಗಡಿಯವರು ಆರ್ಡರ್ ಮಾತಾಡುತ್ತಾರೆ, ಅಷ್ಟೇ. ಹಾಗಾಗಿ ಬ್ಯಾಂಕಲ್ಲಿ ಎಷ್ಟಿದೆ ಅನ್ನುವುದಕ್ಕೆ ಇಲ್ಲಿ ಬೆಲೆಯಿಲ್ಲ. ತಿಂಗಳ ಸಂಬಳದವರೂ ಧೈರ್ಯವಾಗಿ ಹೋಗಬಹುದು, ಆದರೆ ನೋಡಲು ಕಲಿತು ಹೋಗಬೇಕು.

ಈ ಮೇಳ ಎಸ್‌ಐಎಚ್‌ಎಚ್ ಅನ್ನುವ ಹೆಸರಲ್ಲಿ 1991ರಲ್ಲಿ ಶುರುವಾಯಿತು. ತುಂಬಾ ವರ್ಷ ವ್ಯಾಪಾರಿಗಳು, ಪತ್ರಕರ್ತರು, ದೊಡ್ಡ ಗ್ರಾಹಕರನ್ನು ಬಿಟ್ಟು ಬೇರೆಯವರಿಗೆ ಪ್ರವೇಶವೇ ಇರಲಿಲ್ಲ. 2017ರಲ್ಲಿ ಒಂದು ದಿನ ಜನರನ್ನು ಒಳಗೆ ಬಿಟ್ಟರು. ಈಗ ವಾರದ ಮೇಳದಲ್ಲಿ ಕೊನೆಯ ಮೂರು ದಿನ, ಶನಿವಾರದಿಂದ ಸೋಮವಾರದವರೆಗೆ, ಟಿಕೆಟ್ ಕೊಂಡವರೆಲ್ಲ ಹೋಗಬಹುದು. 2025ರಲ್ಲಿ ಅದು ಏಪ್ರಿಲ್ 5, 6, 7 ಆಗಿತ್ತು. ಟಿಕೆಟ್ ಆನ್‌ಲೈನಲ್ಲೇ ತಗೊಳ್ಳಿ. ತಗೊಳ್ಳುವಾಗಲೇ ಗೈಡ್ ಜತೆ ಸುತ್ತಾಟ, ಮಾತುಕತೆ ಅಂತ ಏನೇನಿದೆ ನೋಡಿ ಹೆಸರು ಬರೆಸಿಬಿಡಿ, ಯಾಕೆಂದರೆ ಅಂಥವು ಬೇಗ ತುಂಬಿಹೋಗುತ್ತವೆ.

ವೀಸಾ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಶೆಂಗನ್ ವೀಸಾಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಏಪ್ರಿಲ್ ಪ್ರವಾಸಕ್ಕೆ ಜನವರಿಯಲ್ಲೇ ಹಾಕಿದರೆ ನೆಮ್ಮದಿ. ಮೇಳ ನಡೆಯುವ ಪ್ಯಾಲೆಕ್ಸ್‌ಪೋ ಜಿನೀವಾ ವಿಮಾನ ನಿಲ್ದಾಣದ ಪಕ್ಕದಲ್ಲೇ ಇದೆ, ನಡೆದೇ ಹೋಗಬಹುದು. ಊರೊಳಗಿನ ಕಾರ್ನವಾ ಸ್ಟೇಷನ್ನಿಂದ ರೈಲಿನಲ್ಲಿ ಹತ್ತು ನಿಮಿಷವೂ ಬೇಡ. ಹೋಟೆಲಿನಲ್ಲಿ ಉಳಿದವರಿಗೆ ಬಸ್ಸು, ಟ್ರ್ಯಾಮಿಗೆ ಉಚಿತ ಪಾಸ್ ಕೊಡುತ್ತಾರೆ, ಕೇಳಿ ಪಡೆಯಿರಿ. ಊಟ ದುಬಾರಿ. ನಲ್ಲಿ ನೀರು ಚೆನ್ನಾಗಿದೆ, ಬಾಟಲಿ ಇಟ್ಟುಕೊಳ್ಳಿ. ಇಡೀ ದಿನ ಕಾಲ ಮೇಲೆ ನಿಂತಿರಬೇಕು, ಹಳೆಯ ಮೆತ್ತನೆ ಶೂ ಹಾಕಿಕೊಳ್ಳಿ.

ಇನ್ನು ಮುಖ್ಯ ವಿಷಯ. ಅಲ್ಲಿ 60ರ ಆಸುಪಾಸು ಬ್ರ್ಯಾಂಡುಗಳಿರುತ್ತವೆ. ರೋಲೆಕ್ಸ್, ಪಾಟೆಕ್ ಫಿಲಿಪ್, ಕಾರ್ಟಿಯೇ, ವಶೆರಾನ್ ಕಾನ್‌ಸ್ಟಾಂಟಿನ್, ಲಾಂಗೆ, ಗ್ರ್ಯಾಂಡ್ ಸೈಕೊ, ಹೀಗೆ. ಎಲ್ಲವನ್ನೂ ನೋಡುತ್ತೇನೆ ಅಂತ ಹೊರಟರೆ ಸಂಜೆಗೆ ತಲೆಯಲ್ಲಿ ಏನೂ ಉಳಿದಿರುವುದಿಲ್ಲ. ಹೊಸ ವಾಚುಗಳ ಸುದ್ದಿ ಮೇಳದ ಮೊದಲ ದಿನವೇ ಹೊರಬರುತ್ತದೆ, ಜನರಿಗೆ ಬಾಗಿಲು ತೆರೆಯುವಷ್ಟರಲ್ಲಿ ಎಲ್ಲವನ್ನೂ ಓದಿ ಮುಗಿಸಿರಬಹುದು. ಓದಿ, ಆರೇಳು ವಾಚುಗಳನ್ನು ಆರಿಸಿ ಬರೆದುಕೊಳ್ಳಿ. ಬ್ರ್ಯಾಂಡ್ ಹೆಸರಲ್ಲ, ವಾಚಿನ ಹೆಸರನ್ನೇ ಬರೆದುಕೊಳ್ಳಿ. ರೋಲೆಕ್ಸ್, ಪಾಟೆಕ್ ಗಾಜಿನ ಪೆಟ್ಟಿಗೆಗಳ ಮುಂದೆ ಜನ ಸೇರುವ ಮೊದಲು, ಬಾಗಿಲು ತೆರೆದ ಕೂಡಲೇ ಅವನ್ನು ಮುಗಿಸಿ. ಆಮೇಲೆ ಸಣ್ಣ ಸ್ವತಂತ್ರ ತಯಾರಕರ ಕಡೆಗೆ, ಅಂದರೆ ಕಾರೇ ದೆಸ್ ಒರ್ಲೊಜೆ ಅನ್ನುವ ಭಾಗಕ್ಕೆ ಹೋಗಿ. ನನ್ನನ್ನು ಕೇಳಿದರೆ ಅರ್ಧ ದಿನ ಅಲ್ಲೇ ಕಳೆಯಬೇಕು. ದೊಡ್ಡ ಬ್ರ್ಯಾಂಡಿನಲ್ಲಿ ನಿಮಗೆ ಸಿಗುವುದು ತರಬೇತಿ ಪಡೆದ ಸಿಬ್ಬಂದಿ, ಇಲ್ಲಿ ಎಷ್ಟೋ ಸಲ ವಾಚನ್ನು ರೂಪಿಸಿದವರೇ ಎದುರಿಗೆ ನಿಂತಿರುತ್ತಾರೆ, ಮತ್ತು ನಿಮ್ಮ ಪ್ರಶ್ನೆ ಚೆನ್ನಾಗಿದ್ದರೆ ಅವರು ಗಡಿಬಿಡಿ ಮಾಡುವುದಿಲ್ಲ.

ಏನು ನೋಡಬೇಕು? ಸೆಕೆಂಡಿನ ಮುಳ್ಳಿನಿಂದ ಶುರು ಮಾಡಿ. ಇವತ್ತಿನ ಬಹುಪಾಲು ಮೆಕ್ಯಾನಿಕಲ್ ವಾಚುಗಳು ಗಂಟೆಗೆ 28,800 ಸಲ ಬಡಿಯುತ್ತವೆ, ಅಂದರೆ ಸೆಕೆಂಡಿಗೆ 8, ಮುಳ್ಳು ಅಷ್ಟು ಸಣ್ಣ ಹೆಜ್ಜೆ ಇಡುತ್ತದೆ. ನಮ್ಮ ಎಚ್‌ಎಂಟಿ ಜನತಾ 18,000 ಸಲ, ಸೆಕೆಂಡಿಗೆ 5. ಜೆನಿತ್ 1969ರಲ್ಲಿ ತಂದ ಎಲ್ ಪ್ರಿಮೇರೊ 36,000, ಸೆಕೆಂಡಿಗೆ 10. ಇದನ್ನು ಓದಿ ತಿಳಿಯುವುದೇ ಬೇರೆ, ಒಂದರ ಹಿಂದೆ ಒಂದು ಕಣ್ಣಲ್ಲಿ ನೋಡುವುದೇ ಬೇರೆ. ಇವೆಲ್ಲ ನೋಡಿದ ಮೇಲೆ ಗ್ರ್ಯಾಂಡ್ ಸೈಕೊದ ಸ್ಪ್ರಿಂಗ್ ಡ್ರೈವ್ ಮುಂದೆ ನಿಂತುಕೊಳ್ಳಿ. ಅದರಲ್ಲಿ ಬ್ಯಾಟರಿ ಇಲ್ಲ, ಶಕ್ತಿ ಬರುವುದು ಸ್ಪ್ರಿಂಗ್‌ನಿಂದಲೇ, ಆದರೆ ವೇಗವನ್ನು ಹಿಡಿಯುವುದು ಕ್ವಾರ್ಟ್ಸ್ ಹರಳು ನಿಯಂತ್ರಿಸುವ ಒಂದು ವಿದ್ಯುತ್ಕಾಂತೀಯ ಬ್ರೇಕು. ಹಾಗಾಗಿ ಮುಳ್ಳು ಬಡಿಯುವುದೇ ಇಲ್ಲ, ಎಣ್ಣೆಯ ಹಾಗೆ ಜಾರುತ್ತಾ ಹೋಗುತ್ತದೆ. ಗಾಜಿನೊಳಗೆ ಇಟ್ಟ ವಾಚು ನಿಂತಿದ್ದರೆ, ಓಡುತ್ತಿರುವುದನ್ನು ತೋರಿಸ್ತೀರಾ ಅಂತ ಕೇಳಿ. ಕೇಳುವುದರಲ್ಲಿ ತಪ್ಪೇನಿಲ್ಲ.

ಆಮೇಲೆ ವಾಚಿನ ಬೆನ್ನು. ಹಿಂದಿನ ಗಾಜಿನಲ್ಲಿ ಮೂವ್‌ಮೆಂಟಿನ, ಅಂದರೆ ಒಳಗಿನ ಯಂತ್ರದ, ಬ್ರಿಜ್‌ಗಳ (ಚಕ್ರಗಳನ್ನು ಹಿಡಿದಿಡುವ ಲೋಹದ ಪಟ್ಟಿಗಳ) ಅಂಚು ನೋಡಿ. ಅಂಚನ್ನು ಓರೆಯಾಗಿ ಉಜ್ಜಿ ಕನ್ನಡಿ ಹೊಳಪು ತಂದಿರುತ್ತಾರೆ, ಆಂಗ್ಲಾಜ್ ಅನ್ನುತ್ತಾರೆ. ಇದರಲ್ಲಿ ಗಮನಿಸಬೇಕಾದ್ದು ಒಳಮೂಲೆ, ಅಂದರೆ ಎರಡು ಅಂಚು ಒಳಕ್ಕೆ ಬಂದು ಸೇರುವ ಜಾಗ. ತಿರುಗುವ ಯಂತ್ರದ ಹಲ್ಲು ಅಲ್ಲಿ ದುಂಡನೆ ಗುರುತು ಬಿಡುತ್ತದೆ. ಚೂಪಾದ ಮೂಲೆ ಬೇಕೆಂದರೆ ಒಬ್ಬ ಮನುಷ್ಯ ಅರ, ಕಡ್ಡಿ ಹಿಡಿದು ಕೂರಬೇಕು. ಬೆಲೆ ಯಾಕೆ ಅಷ್ಟು ಅನ್ನುವುದಕ್ಕೆ ಉತ್ತರದ ಒಂದು ಭಾಗ ಆ ಮೂಲೆಯಲ್ಲಿ ಕಾಣುತ್ತದೆ. ಎಲ್ಲ ಬೆಲೆಗೂ ಅಂಥ ಸಮರ್ಥನೆ ಇರುವುದಿಲ್ಲ, ಅದೂ ಅಲ್ಲೇ ಕಾಣುತ್ತದೆ. ಜರ್ಮನಿಯ ಗ್ಲಾಸ್‌ಹ್ಯೂಟೆ ಊರಿನ ಲಾಂಗೆ ಕಂಪನಿಯವರು ಪ್ರತಿ ಮೂವ್‌ಮೆಂಟನ್ನೂ ಒಮ್ಮೆ ಜೋಡಿಸಿ, ಪೂರ್ತಿ ಬಿಚ್ಚಿ, ಮತ್ತೆ ಜೋಡಿಸುತ್ತಾರೆ. ಅವರ ಬ್ಯಾಲೆನ್ಸ್ ಕಾಕ್ (ಓಲಾಡುವ ಚಕ್ರವನ್ನು ಹಿಡಿದಿಡುವ ಪಟ್ಟಿ) ಮೇಲಿನ ಕೆತ್ತನೆ ಕೈಯದೇ, ಎರಡು ವಾಚು ಪಕ್ಕಪಕ್ಕ ಇದ್ದರೆ ಗೆರೆಗಳು ಬೇರೆ ಬೇರೆ ಇರುವುದು ತಿಳಿಯುತ್ತದೆ. ಪುಟ್ಟ ಲೂಪ್, ಅಂದರೆ ಕಣ್ಣಿಗೆ ಹಿಡಿಯುವ ಭೂತಗನ್ನಡಿ, ಒಂದು ಜೇಬಲ್ಲಿರಲಿ.

ಕೈಗೆ ವಾಚು ಕೊಟ್ಟರೆ ನಿಮ್ಮ ವಾಚು, ಉಂಗುರ, ಕಡಗ ಮೊದಲು ತೆಗೆದಿಡಿ. ಅವರು ಇಟ್ಟ ತಟ್ಟೆಯ ಮೇಲೇ, ಎರಡೂ ಕೈಯಲ್ಲಿ ಹಿಡಿಯಿರಿ. ಕೇಳದೆ ಕೀ ಕೊಡಬೇಡಿ, ಪಕ್ಕದ ತಿರುಗುಗುಂಡಿ, ಅಂದರೆ ಕ್ರೌನ್, ಎಳೆಯಬೇಡಿ. ತಿಂಗಳ ದಿನಗಳ ಲೆಕ್ಕವನ್ನು ತಾನೇ ಹಿಡಿಯುವ ಪರ್ಪೆಚುವಲ್ ಕ್ಯಾಲೆಂಡರ್‌ ವಾಚುಗಳಲ್ಲಿ ಹೊತ್ತಲ್ಲದ ಹೊತ್ತಲ್ಲಿ ತಾರೀಕು ತಿರುಗಿಸಿದರೆ ಒಳಗಿನ ಹಲ್ಲುಗಳೇ ಕೆಡಬಹುದು. ಫೋಟೋಗೆ ಒಪ್ಪಿಗೆ ಕೇಳಿ, ಫ್ಲ್ಯಾಶ್ ಬೇಡ, ಕಪ್ಪು ಅಥವಾ ಗಾಢ ಬಣ್ಣದ ಬಟ್ಟೆ ಹಾಕಿದ್ದರೆ ಗಾಜಿನಲ್ಲಿ ನಿಮ್ಮ ಪ್ರತಿಬಿಂಬ ಕಮ್ಮಿ ಬೀಳುತ್ತದೆ. ನಿಮ್ಮ ಮಣಿಕಟ್ಟಿನ ಸುತ್ತಳತೆ ಮಿಲಿಮೀಟರಲ್ಲಿ ಗೊತ್ತಿರಲಿ. ಎಲ್ಲರೂ ಡಯಲ್ ಅಗಲ ಕೇಳುತ್ತಾರೆ, ಆದರೆ ವಾಚು ಕೈಗೆ ಒಪ್ಪುತ್ತದೋ ಇಲ್ಲವೋ ಅನ್ನುವುದನ್ನು ಹೇಳುವುದು ಒಂದು ಲಗ್ಗಿನ (ಪಟ್ಟಿ ಸಿಕ್ಕಿಸುವ ಕೊಂಬಿನ) ತುದಿಯಿಂದ ಇನ್ನೊಂದರ ತುದಿಗಿರುವ ಉದ್ದ.

ಕೈಗೆ ಏನು ಕಟ್ಟಿಕೊಂಡು ಹೋಗಬೇಕು ಅಂತ ಯೋಚಿಸಬೇಡಿ, ಮನೆಯಲ್ಲಿ ಅಪ್ಪನದೋ ತಾತನದೋ ಎಚ್‌ಎಂಟಿ ಇದ್ದರೆ ಅದನ್ನೇ ಕಟ್ಟಿಕೊಳ್ಳಿ. ಅಲ್ಲಿಗೆ ಬರುವವರೆಲ್ಲ ಮೊದಲು ನೋಡುವುದು ಎದುರಿನವರ ಮಣಿಕಟ್ಟನ್ನೇ, ಅಲ್ವಾ? 1961ರಲ್ಲಿ ಜಪಾನಿನ ಸಿಟಿಜನ್ ಜತೆ ಸೇರಿ ಬೆಂಗಳೂರಲ್ಲಿ ಸರ್ಕಾರಿ ಕಾರ್ಖಾನೆಯೊಂದು ಜನಸಾಮಾನ್ಯರಿಗಾಗಿ ಕೈಗಡಿಯಾರ ಮಾಡಲು ಶುರು ಮಾಡಿದ ಕಥೆ ಹೇಳಿ ನೋಡಿ, ಮಾತು ತಾನಾಗಿ ಬೆಳೆಯುತ್ತದೆ. ಇನ್ನು ಬೆಲೆಬಾಳುವ ವಾಚನ್ನೇ ಕಟ್ಟಿಕೊಂಡು ಹೋಗುವವರು ಹೊರಡುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ವಾಪಸ್ ಬರುವಾಗ ಅದು ಹೊಸದಾಗಿ ಕೊಂಡದ್ದಲ್ಲ ಅಂತ ನೀವೇ ಸಾಬೀತು ಮಾಡಬೇಕಾಗುತ್ತದೆ.

ಸಾಧ್ಯವಾದರೆ ಶುಕ್ರವಾರ ಮಧ್ಯಾಹ್ನದೊಳಗೆ ಜಿನೀವಾ ತಲುಪಿ. ಪ್ಲೆನ್‌ಪಾಲೆಯ ಹತ್ತಿರ ಪಾಟೆಕ್ ಫಿಲಿಪ್ ಮ್ಯೂಸಿಯಂ ಇದೆ. ಅದರ ಒಂದು ಇಡೀ ಮಹಡಿಯ ತುಂಬ ಪಾಟೆಕ್ ಕಂಪನಿ ಹುಟ್ಟುವುದಕ್ಕೂ ಮುಂಚಿನ ಗಡಿಯಾರಗಳು, 16ನೇ ಶತಮಾನದವೂ ಇವೆ. ಎನಾಮಲ್ ಕೆಲಸ ಹೇಗಿರುತ್ತದೆ ಅಂತ ಇಲ್ಲಿ ನೋಡಿದ ಮೇಲೆ ಮೇಳದ ಹೊಸ ಡಯಲ್‌ಗಳನ್ನು ಅಳೆಯಲು ನಿಮಗೊಂದು ಅಳತೆಗೋಲು ಸಿಗುತ್ತದೆ, ಅದಕ್ಕೇ ಇದನ್ನು ಮೊದಲು ನೋಡಿ ಅನ್ನುವುದು. ಭಾನುವಾರ, ಸೋಮವಾರ ಅದಕ್ಕೆ ರಜೆ, ಹಾಗಾಗಿ ಮೇಳ ಮುಗಿಸಿ ನೋಡೋಣ ಅಂತ ಇಟ್ಟುಕೊಂಡರೆ ತಪ್ಪಿಹೋಗುತ್ತದೆ. ಇನ್ನೊಂದು ದಿನ ಕೈಯಲ್ಲಿದ್ದರೆ ರೈಲು ಹಿಡಿದು ಲಾ ಶೋ ದೆ ಫೋಂಗೆ ಹೋಗಿ ಬನ್ನಿ. ಬೆಳಕು ಚೆನ್ನಾಗಿ ಬೀಳುವಂತೆ ಬೀದಿಗಳನ್ನು ಸಾಲಾಗಿ ಹಾಕಿ ಕಟ್ಟಿದ, ವಾಚು ಮಾಡುವವರ ಊರು ಅದು, 2009ರಲ್ಲಿ ಪಕ್ಕದ ಲ ಲೋಕ್ಲ್ ಜತೆ ಯುನೆಸ್ಕೊ ಪಟ್ಟಿ ಸೇರಿತು. ಅಲ್ಲಿನ ಅಂತರರಾಷ್ಟ್ರೀಯ ಗಡಿಯಾರ ಮ್ಯೂಸಿಯಂ ಕೂಡ ಸೋಮವಾರ ಮುಚ್ಚಿರುತ್ತದೆ, ಮಂಗಳವಾರಕ್ಕೆ ಇಟ್ಟುಕೊಳ್ಳಿ.