ಪರಮಪ್ರಸಾದದ ಆರಾಧನೆಯಲ್ಲಿ ಸ್ತುತಿಗೂ ಮೌನಕ್ಕೂ ಜಾಗ ಮಾಡುವುದು ಹೇಗೆ?

ಒಂದು ಗಂಟೆಯ ಆರಾಧನೆಗೆ ಮಾನ್‌ಸ್ಟ್ರೆನ್ಸ್ (ಪರಮಪ್ರಸಾದವನ್ನು, ಅಂದರೆ ಕ್ರಿಸ್ತನ ಶರೀರವಾದ ರೊಟ್ಟಿಯನ್ನು, ಎಲ್ಲರಿಗೂ ಕಾಣುವಂತೆ ಇಡುವ ಪಾತ್ರೆ) ಬಳಿ 4ರಿಂದ 6 ಮೇಣದಬತ್ತಿ ಹಚ್ಚಿ. ಗುರುಗಳು ಪರಮಪ್ರಸಾದವನ್ನು ಅದರಲ್ಲಿಟ್ಟು ಧೂಪ ಹಾಕುವಾಗ ಎಲ್ಲರೂ ಮೊಣಕಾಲೂರಲಿ. ಮೊದಲ 15 ನಿಮಿಷ ಸ್ತುತಿಗೀತೆ. ಕೈಯೆತ್ತಿ, ದನಿಯೆತ್ತಿ ಹಾಡಬಹುದು. ಆಮೇಲೆ ಶುಭಸಂದೇಶದ ವಾಚನ, ಅದರ ಬೆನ್ನಿಗೇ ಕನಿಷ್ಠ 20 ನಿಮಿಷ ಮೌನ.

ಎಡವುವುದು ಇಲ್ಲೇ. ಕೀಬೋರ್ಡ್ ಸಣ್ಣಗೆ ನುಡಿಯುತ್ತಲೇ ಇರುತ್ತದೆ, ಮೈಕ್ ಹಿಡಿದವರು ಮಾತು ತುಂಬಿಸುತ್ತಾರೆ. ಜನರ ಗಮನ ಪೀಠದಿಂದ ಅವರ ಕಡೆಗೆ ಜಾರುತ್ತದೆ. ಮೈಕ್ ಆಫ್ ಮಾಡಿಬಿಡಿ. ಅನ್ಯಭಾಷೆಯಲ್ಲಿ (ಪವಿತ್ರಾತ್ಮರ ಪ್ರೇರಣೆಯಿಂದ ಬರುತ್ತದೆಂದು ನಂಬುವ, ತಿಳಿಯದ ನುಡಿಯಲ್ಲಿ) ಪ್ರಾರ್ಥಿಸಲು ಯಾರನ್ನೂ ಒತ್ತಾಯಿಸಬೇಡಿ.

ಸ್ವಸ್ಥತೆಯ ಪ್ರಾರ್ಥನಾಕೂಟವನ್ನು ಬಲಿಪೂಜೆಯೊಳಗೆ (ಮಾಸ್) ಬೆರೆಸುವಂತಿಲ್ಲ. 2000ದ ವ್ಯಾಟಿಕನ್ ಸೂಚನೆ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಅದನ್ನು ಬೇರೆಯಾಗಿಯೇ ಇಡಿ.

ಕೊನೆಗೆ ಸ್ತೋತ್ರಗೀತೆ, ಧೂಪ, ಪ್ರಾರ್ಥನೆ. ಗುರುಗಳು ಹೆಗಲವಸ್ತ್ರ ಹೊದ್ದು, ಮಾನ್‌ಸ್ಟ್ರೆನ್ಸ್‌ನಿಂದ ಶಿಲುಬೆಯಾಕಾರದಲ್ಲಿ ಮೌನವಾಗಿ ಆಶೀರ್ವದಿಸುತ್ತಾರೆ. ಆಗ ಹಾಡು ಬೇಡ.